ಚಾವಣಿಯ ಮೇಲಿನ ಅರ್ಧ ಹೆಸರು

ಮಲಾವಿಯ ಒಂದು ಹಳ್ಳಿ. ಊರವರೇ ಇಟ್ಟಿಗೆ ಸುಟ್ಟು, ಮಣ್ಣಿನ ಗಾರೆ ಕಲಸಿ, ಶಾಲೆಗೆ ಎರಡು ಕೋಣೆಯ ಗೋಡೆ ಎಬ್ಬಿಸಿದ್ದರು. ತಗಡು ಹೊದಿಸುವ ಮೊದಲೇ ಮಳೆ ಹಿಡಿದರೆ ಗೋಡೆ ಕರಗುವುದು ಖಂಡಿತ. ಮಳೆಗೆ ಇನ್ನು ಹತ್ತೇ ದಿನ.

ಪಟ್ಟಣದ ವ್ಯಾಪಾರಿ ವೆಲಿಂಗ್ಟನ್ ಮ್ಸುಕು ತಗಡು ದಾನ ಕಳಿಸಿದರು, ಒಂದೇ ಕೋಣೆಗೆ. ಜೊತೆಗೊಂದು ಅಪ್ಪಣೆ: "ಗುಡ್ಡದ ರಸ್ತೆಯಿಂದ ಕಾಣುವಷ್ಟು ದೊಡ್ಡದಾಗಿ ಚಾವಣಿ ಮೇಲೆ ನನ್ನ ಹೆಸರು ಬರೆಸಿ. ಭಾನುವಾರ ಬರುತ್ತೇನೆ."

ಹೆಡ್ ಮೇಡಂಗೆ ಇನ್ನೊಂದು ಕೋಣೆಯದೇ ಚಿಂತೆ. ಇನ್ನಷ್ಟು ತಗಡು ಕೇಳಹೋಗಿ, ಧಣಿ ಸಿಟ್ಟಾಗಿ, ಕೊಟ್ಟದ್ದನ್ನೂ ಹೊತ್ತೊಯ್ದರೆ?

"ಬಣ್ಣದ ಕೆಲಸ ನನಗೆ ಬಿಡಿ," ಎಂದ ಕಾವಲುಗಾರ ಮಸೌಕೊ.

ಭಾನುವಾರ ಮೇಡಂ, ಮಸೌಕೊ ಕಾದಿದ್ದ ಗುಡ್ಡದ ಮೇಲೆ ಮ್ಸುಕು ಕಾರು ನಿಲ್ಲಿಸಿ ನೋಡಿದರು. ಆಳೆತ್ತರದ ಅಕ್ಷರಗಳಲ್ಲಿ 'ವೆಲಿಂಗ್ಟನ್' ಎಂದಿತ್ತು. ಅಲ್ಲಿಗೆ ತಗಡು ಮುಗಿದಿತ್ತು.

"ಮ್ಸುಕು ಎಲ್ಲಯ್ಯ?"

ಮಸೌಕೊ ತಗಡಿಲ್ಲದ ಗೋಡೆಗಳತ್ತ ಕೈ ತೋರಿಸಿದ. "ಅದು ಪಕ್ಕದ ಕೋಣೆ ಮೇಲೆ ಬರಬೇಕು, ಧಣಿ. ಅಲ್ಲಿ ಬರೀ ಆಕಾಶ ಇದೆ. ನಿನ್ನೆ ವೆಲಿಂಗ್ಟನ್ ಫಿರಿಯವರ ಲಾರಿ ಡ್ರೈವರ್ ಇಲ್ಲೇ ನಿಂತು ನೋಡಿದ. 'ನಮ್ಮ ಸಾಹುಕಾರರು ಶಾಲೆ ಕಟ್ಟಿಸಿದ್ದು ನಮಗೇ ಗೊತ್ತಿರಲಿಲ್ಲ' ಅಂತ ಖುಷಿಯಾಗಿ ಹೋದ."

ಫಿರಿ ಅಂದರೆ ಮ್ಸುಕು ಅವರ ಎದುರಂಗಡಿಯ ಪೈಪೋಟಿಗಾರ; ಅವನ ಹೆಸರೂ ವೆಲಿಂಗ್ಟನ್. ಧಣಿಯ ಹುಬ್ಬು ಗಂಟಿಕ್ಕಿತು. ಕಾರು ಹತ್ತಿ ಹೊರಟೇಬಿಟ್ಟರು. ಕೊಟ್ಟ ತಗಡೂ ಹೋಯಿತು ಅಂದುಕೊಂಡರು ಮೇಡಂ.

ಮಂಗಳವಾರ ಮ್ಸುಕು ಅವರಿಂದ ಲಾರಿ ತುಂಬ ತಗಡು ಬಂತು; ಪಕ್ಕದ ಕೋಣೆಯ ಮೇಲೆ 'ಮ್ಸುಕು' ಎಂದು ಬರೆದದ್ದಾಯಿತು. ಮುಂದಿನ ವಾರ ಮಳೆ ಬಂತು.

ತಗಡಿನ ಮೇಲೆ ಮಳೆ ಸದ್ದು ಮಾಡುತ್ತಿದ್ದಾಗ ಮೇಡಂ ಕೇಳಿದರು: "ಅಕ್ಷರ ಚಿಕ್ಕದು ಮಾಡಿದ್ದರೆ ಹೆಸರು ಒಂದೇ ಕೋಣೆ ಮೇಲೆ ಹಿಡಿಯುತ್ತಿತ್ತಲ್ಲ?"

"ಹೆಸರು ಹಿಡಿಯುತ್ತಿತ್ತು, ಮೇಡಂ," ಎಂದ ಮಸೌಕೊ. "ಮಕ್ಕಳು ಹಿಡಿಯುತ್ತಿರಲಿಲ್ಲ."