ಮಂಗಟ್ಟೆಯ ಮುಚ್ಚಿದ ಬಾಗಿಲು

ಹೆಣ್ಣು ಮಂಗಟ್ಟೆ ಹಕ್ಕಿ ಮರದ ಪೊಟರೆಯ ಬಾಯಿಗೆ ಒಳಗಿನಿಂದ ಮಣ್ಣು ಮೆತ್ತಿ, ಸಣ್ಣ ಸೀಳೊಂದನ್ನು ಮಾತ್ರ ಬಿಟ್ಟು, ಮೊಟ್ಟೆಗೆ ಕಾವು ಕೊಡುತ್ತಿತ್ತು. ಗಂಡು ಬಂದು ಆ ಸೀಳಿನಿಂದ ಹಣ್ಣು ತಿನ್ನಿಸುವುದನ್ನು ತೋರಿಸುತ್ತೇನೆಂದು, ಕಾಸಿಗೆ ಕಾಡು ತೋರಿಸುವ ಕೆಂದಳಿಲು ಪೇಟೆಯ ಕೋತಿಗಳನ್ನು ಕರೆತಂದು ಮರದ ಬುಡದಲ್ಲೇ ಕೂರಿಸಿತು. ಗದ್ದಲಕ್ಕೆ ಹೆದರಿ ಗಂಡು ಅತ್ತ ಸುಳಿಯಲೇ ಇಲ್ಲ.

"ಅಳಿಲಣ್ಣ, ಹಸಿದು ಸಾಯುತ್ತಿದ್ದೇನೆ. ನಿನ್ನ ಗಿರಾಕಿಗಳನ್ನು ಆಚೆ ದಿಬ್ಬಕ್ಕೆ ಕರೆದುಕೊಂಡು ಹೋಗು," ಎಂದಿತು ಹೆಣ್ಣು.

"ಅಷ್ಟು ದೂರದಿಂದ ನೋಡಲು ಯಾರು ಬರುತ್ತಾರೆ ತಾಯಿ? ನೀನೇ ಚೂರು ಬಾಗಿಲು ತೆಗೆಯಬಾರದೇ?"

"ತೆಗೆದರೆ ಮೊದಲು ಒಳಗೆ ಬರುವುದು ಹಾವು. ಮುಂದಿನ ವರ್ಷ ಯಾರನ್ನು ತೋರಿಸುತ್ತೀಯೆ?"

ಅಳಿಲಿಗೆ ಲಾಭನಷ್ಟ ತಿಳಿಯಿತು. ಕೋತಿಗಳನ್ನು ದಿಬ್ಬ ಹತ್ತಿಸಿತು. ಗಂಡು ಹಾರಿಬಂದು ಅತ್ತಿಹಣ್ಣು ತಿನ್ನಿಸಿತು.

"ಇನ್ನಷ್ಟು ಹತ್ತಿರ ಹೋಗೋಣವೇ?" ಎಂದಿತೊಂದು ಕೋತಿ.

"ಹತ್ತಿರ ಹೋದರೆ ಮಣ್ಣಿನ ಗೋಡೆ ಕಾಣುತ್ತದೆ ಸ್ವಾಮಿ," ಎಂದಿತು ಅಳಿಲು, "ಸಂಸಾರ ಕಾಣುವುದು ಇಲ್ಲಿಂದಲೇ."