ಬರಿಗಾಲ ಹಟ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿಯ ಸ್ವಾಮಿಗಳು ಅಡವಯ್ಯನವರು. ಊರ ಮಂದಿಗೆಲ್ಲ ಅವರು ಬರೀ 'ಅಜ್ಜಾರು'.

ಅಜ್ಜಾರು ಚಪ್ಪಲಿ ಮೆಟ್ಟಿದ್ದನ್ನು ಕಂಡವರಿಲ್ಲ. ಹಿರಿಯ ಭಕ್ತರು ಅದನ್ನೇ ಮಠದ ನೇಮ ಮಾಡಿಬಿಟ್ಟಿದ್ದರು. ಕಾವಿ ಬೇಕಾದವನು ಹನ್ನೆರಡು ವರ್ಷ ಬರಿಗಾಲಲ್ಲಿ ನಡೆಯಬೇಕು. ನಡುವೆ ಒಮ್ಮೆ ಮೆಟ್ಟಿದರೂ ಮತ್ತೆ ಮೊದಲಿನಿಂದ.

ಶಿಷ್ಯ ಕರವೀರನ ನೇಮ ಬರುವ ಶಿವರಾತ್ರಿಗೆ ಮುಗಿಯುವುದಿತ್ತು. ಕಾವಿ ಕೈಗೆಟುಕುವಷ್ಟು ಹತ್ತಿರ ಬಂದಿತ್ತು.

ಅಷ್ಟರಲ್ಲಿ ಜಪಾನಿನಿಂದ ಕರೆ ಬಂತು. ಹಿಂದೊಮ್ಮೆ ಮಠದಲ್ಲಿ ಇದ್ದು ಹೋಗಿದ್ದ ಭಕ್ತನೊಬ್ಬ ಗುರುಶಿಷ್ಯರಿಬ್ಬರನ್ನೂ ತನ್ನ ಊರಾದ ಕನಜಾವಾಕ್ಕೆ ಕರೆಸಿಕೊಂಡ. ತಾನು ಬರುವುದು ಮರುದಿನ ಎಂದು ಹೇಳಿ, ಇಳಿದುಕೊಳ್ಳಲು ನದಿಯ ಪಕ್ಕದ ಒಂದು ವಸತಿಗೃಹ ಗೊತ್ತುಮಾಡಿದ್ದ.

ಊರ ತುಂಬ ಹಿಮ ಬಿದ್ದಿತ್ತು. ಟ್ಯಾಕ್ಸಿಯವನು ಓಣಿಯ ಬಾಯಲ್ಲೇ ಇಳಿಸಿ, ತಲೆಬಾಗಿ ನಮಸ್ಕರಿಸಿ ಹೊರಟುಹೋದ. ಒಂದು ಬೋರ್ಡೂ ಓದಲು ಬರದ ಊರಿನಲ್ಲಿ ಇಬ್ಬರೂ ಬರಿಗಾಲಲ್ಲಿ ಹಿಮ ತುಳಿಯುತ್ತ ನಡೆದರು. ದಾರಿಹೋಕರು ನಿಂತು ನೋಡಿದರು.

"ನೋಡ್ಲಿ ಬಿಡ್ರಿ ಅಜ್ಜಾರ," ಎಂದ ಕರವೀರ. "ವ್ರತಾ ಅಂದ್ರ ಏನಂತ ಈ ಊರೂ ಕಾಣ್ಲಿ."

ಅಜ್ಜಾರು ಕುಂಟುತ್ತಿದ್ದರು.

ವಸತಿಗೃಹದ ಬಾಗಿಲು ಸರಿಸಿದರೆ ಒಳಗೆ ತಗ್ಗಿನಲ್ಲಿ ಕಲ್ಲುನೆಲ, ಅದರಾಚೆ ಎತ್ತರಕ್ಕೆ ನುಣುಪಾದ ಮರದ ನೆಲ. ಎಲ್ಲರೂ ಕಲ್ಲಿನ ಮೇಲೆ ಬೂಟು ಬಿಟ್ಟು, ಮರದ ಮೇಲಿಟ್ಟ ಮೆಟ್ಟಿನಲ್ಲಿ ಕಾಲು ತೂರಿಸಿ ಒಳಗೆ ಹೋಗುವುದು ಅಲ್ಲಿಯ ಪದ್ಧತಿ. ಕರವೀರನಿಗೆ ಬಿಡಲು ಏನೂ ಇರಲಿಲ್ಲ. ಮಠದಲ್ಲಿ ಬರಿಗಾಲೆಂದರೆ ಮಡಿ. ಅದೇ ಧೈರ್ಯದಲ್ಲಿ ಅವನು ಸೀದಾ ಮರದ ಮೇಲೆ ಹತ್ತಿದ. ಹಿಂದೆ ಕೆಸರಿನ ಹೆಜ್ಜೆಗಳು ಮೂಡಿದವು.

ಮನೆಯೊಡತಿ ಓಡಿಬಂದಳು. ನಡು ಬಾಗಿದ ಮುದುಕಿ. ಎದೆಯ ಮುಂದೆ ಎರಡೂ ಕೈ ಕತ್ತರಿಯ ಹಾಗೆ ಅಡ್ಡ ಹಿಡಿದು, ಆಗದು ಎಂದು ತಲೆಯಾಡಿಸಿದಳು.

ಕರವೀರನಿಗೆ ಸಿಟ್ಟು ನೆತ್ತಿಗೇರಿತು.

"ನಮ್ಮ ಬಣ್ಣಾ ನೋಡಿ ಬ್ಯಾಡ ಅನ್ನಾಕತ್ತಾಳ್ರಿ! ನಡೀರಿ, ಹೊಳೀ ದಂಡಿ ಮ್ಯಾಲ ಮಲಗೋಣು."

"ಆಕಿ ನಿನ್ನ ಮಾರಿ ನೋಡವಲ್ಲಳು, ಕಾಲು ನೋಡಾಕತ್ತಾಳ," ಎಂದರು ಅಜ್ಜಾರು. "ಕೆಳಗಿಳಿ."

ಮುದುಕಿ ಎರಡು ಜೊತೆ ಮೆಟ್ಟು ತಂದಿಟ್ಟಳು. ಬಿಸಿನೀರಿನ ಬೋಗುಣಿ ತಂದಳು. ಅಜ್ಜಾರನ್ನು ಮರದ ಅಂಚಿಗೆ ಕೂಡಿಸಿ, ಕಲ್ಲಿನ ಮೇಲೆ ಮಂಡಿಯೂರಿ, ಅವರ ಪಾದವನ್ನು ಅಂಗೈಯಲ್ಲಿ ಹಿಡಿದಳು. ಹಿಡಿದವಳೇ 'ಸ್ಸ್' ಎಂದು ಉಸಿರೆಳೆದುಕೊಂಡಳು. ಅವಳ ಕಣ್ಣು ತುಂಬಿತು. ಕಾಲು ತೊಳೆದು, ಒರೆಸಿ, ಮೆಟ್ಟು ಮುಂದೆ ಸರಿಸಿದಳು.

ಅಜ್ಜಾರು ಮೆಟ್ಟಿಕೊಂಡರು.

ಕಲ್ಲುನೆಲಕ್ಕೆ ಇಳಿದಿದ್ದ ಕರವೀರ ಆ ಮೆಟ್ಟನ್ನೇ ದಿಟ್ಟಿಸಿದ.

ಮುದುಕಿ ಈಗ ಅವನ ಕಡೆ ತಿರುಗಿದಳು. ಅವಳ ಕೈ ಮುಂದೆ ಬರುತ್ತಲೇ ಅವನು ಹಿಂದಕ್ಕೆ ಹಾರಿದ. ಹಿರಿಯರು ಕಿರಿಯನ ಕಾಲು ಮುಟ್ಟುವುದೆಂದರೇನು! ಹಾರಿದವನು ಹೊಸ್ತಿಲು ದಾಟಿ ಮತ್ತೆ ಹಿಮದಲ್ಲಿ ನಿಂತ.

"ಒಳಗ ಬಾ," ಎಂದರು ಅಜ್ಜಾರು.

"ನಾ ಮೆಟ್ಟಂಗಿಲ್ರಿ."

"ಮೆಟ್ಟು ಅಂತ ನಾ ಅಂದ್ನೇನು? ಕಾಲು ತೊಳಕೊಂಡು ಬಾ."

"ನೀವು ಮೆಟ್ಟೀರಲ್ರಿ! ನೀವು ಮೆಟ್ಟಿದ ಮ್ಯಾಲ ನನ್ನ ವ್ರತಕ್ಕ ಏನು ಬೆಲಿ ಉಳೀತು?"

"ನನ್ನ ಕಾಲು ನಂದು. ನಿನ್ನ ವ್ರತಾ ನಿಂದು."

"ಹಂಗಾದ್ರ ನಾ ಇಲ್ಲೇ ನಿಲ್ತೀನಿ. ಈ ನೆಲಾ ತಾನು ದೊಡ್ಡದು ಅಂತಿದ್ರ ನನ್ನ ಹಟಾನೂ ಸಣ್ಣದಲ್ಲ."

"ನಿಲ್ಲು."

ಅವನು ನಿಂತ. ಬಾಗಿಲು ತೆರೆದೇ ಇತ್ತು. ಮುದುಕಿ ಅದನ್ನು ಮುಚ್ಚಲೊಲ್ಲಳು. ಒಳಗಿನ ಬಿಸುಪೆಲ್ಲ ಓಣಿಗೆ ಹರಿದುಹೋಯಿತು. ಅವಳು ಬೋಗುಣಿಯ ನೀರು ಆರಿದಾಗ ಚೆಲ್ಲಿ ಮತ್ತೆ ಬಿಸಿನೀರು ತುಂಬಿದಳು, ಅದು ಆರಿದಾಗ ಇನ್ನೊಮ್ಮೆ. ಬಗ್ಗದವನ ಎದುರು ಬಗ್ಗದವಳು.

ಕರವೀರನ ಕಾಲು ಮೊದಲು ಉರಿದು, ಆಮೇಲೆ ಮರಗಟ್ಟಿತು. ಆದರೂ ಅವನ ಸಿಟ್ಟೆಲ್ಲ ಅಜ್ಜಾರ ಕಾಲಲ್ಲಿದ್ದ ಆ ಮೆಟ್ಟಿನ ಮೇಲೆಯೇ ಇತ್ತು. ಯಾರ ಹೆಜ್ಜೆ ನೋಡಿ ಇಷ್ಟು ವರ್ಷ ನಡೆದನೋ ಆ ಹೆಜ್ಜೆಯೇ ಮೋಸ ಮಾಡಿದಂತೆ ಅವನಿಗೆ ಅಳು ಬಂತು.

"ಅಜ್ಜಾರ!" ಎಂದು ಕೂಗಿದ. "ಊರಿಗೆ ಹೋದ ಮ್ಯಾಲ ನಾ ಸುಮ್ಮನಿರಂಗಿಲ್ಲ. ಅಜ್ಜಾರು ಮೆಟ್ಟಿದ್ರು ಅಂತ ಎಲ್ಲಾರ ಮುಂದ ಹೇಳ್ತೀನಿ."

"ಹೇಳು."

"ಕಾವಿ ಕೊಡ್ತಿದ್ರ ಕೊಡ್ರಿ, ಬಿಟ್ರ ಬಿಡ್ರಿ. ನನಗ ಒಂದು ಜವಾಬು ಬೇಕು. ಜೀವಮಾನ ಎಲ್ಲಾ ಹಿಡಿದ ವ್ರತಾ, ಗುರ್ತಿಲ್ಲದ ಊರಾಗ, ಮಾತು ತಿಳೀದ ಒಬ್ಬ ಹೆಣಮಗಳ ಸಲುವಾಗಿ ಯಾಕ ಬಿಟ್ರಿ?"

"ನಂದು ವ್ರತಾ ಅಂತ ನಿನಗ ಯಾರು ಹೇಳಿದ್ರು?"

"ಅದಕ್ಯಾರು ಹೇಳ್ಬೇಕ್ರಿ? ನಾ ದಿನಾ ಮುಂಜಾನೆ ನಿಮ್ಮ ಕಾಲಿಗೆ ಬಿದ್ದಾಂವ! ಆ ಕಾಲು ಕಂಡಾಂವ!"

ಅಜ್ಜಾರು ಎದ್ದು ಹೊಸ್ತಿಲ ತನಕ ಬಂದರು. ಒಂದು ಮೆಟ್ಟು ಕಳಚಿ, ಅಂಗಾಲು ಮೇಲೆ ಮಾಡಿ ಅವನಿಗೆ ತೋರಿಸಿದರು. ಹಿಮ್ಮಡಿಯಲ್ಲಿ ಹಳೆಯ ಬಿರುಕುಗಳು. ಬೆರಳುಗಳ ನಡುವೆ ತೊಳೆದ ಮೇಲೂ ರಕ್ತ ಒಸರಿ ಕರೆಗಟ್ಟಿತ್ತು.

"ದಿನಾ ಬಿದ್ದಿ, ತಮ್ಮಾ," ಎಂದರು ಅಜ್ಜಾರು. "ನೋಯ್ತಾವೇನು ಅಂತ ಒಂದು ದಿನಾನೂ ಕೇಳಲಿಲ್ಲ."