ನೆಲಮಾಳಿಗೆಯ ತೇಪೆ

“ಗುರುಗಳೇ, ನನ್ನ ಅಣ್ಣ ಕಳ್ಳನೆಂದು ಊರ ಪಂಚಾಯಿತಿಯಲ್ಲಿ ನಾನು ಸುಳ್ಳು ಸಾಕ್ಷಿ ನುಡಿದಿದ್ದೆ. ಹೋದ ತಿಂಗಳು ಒಬ್ಬನೇ ಅವನಲ್ಲಿಗೆ ಹೋಗಿ, ಕಾಲು ಹಿಡಿದು ಕ್ಷಮೆ ಬೇಡಿದೆ. ‘ಆಯಿತು, ಏಳು’ ಎಂದನು. ಆದರೂ ಇಂದಿಗೂ ನನ್ನೊಡನೆ ಊಟಕ್ಕೆ ಕೂರುವುದಿಲ್ಲ. ಕ್ಷಮಿಸಿದ ಮೇಲೂ ದೂರವಿಡುವುದು ಧರ್ಮವೇ?” ಎಂದು ಶಿಷ್ಯನು ಕೇಳಿದನು.

ಗುರುಗಳು ಧರ್ಮದ ಮಾತನ್ನು ಎತ್ತಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಎಣ್ಣೆಯ ವರ್ತಕನಿದ್ದನು. ಅವನ ಮನೆಗೆ ಗಾರೆಯ ನೆಲಮಾಳಿಗೆಯಿತ್ತು. ನೆಲದಡಿಯ ನೀರಿನ ಕೊಳವೆ ಒಡೆದುದರಿಂದ, ಈ ಗೋಡೆಯಿಂದ ಆ ಗೋಡೆಯವರೆಗೆ ನೆಲವನ್ನು ಸೀಳಿ, ಆಳುದ್ದ ತೋಡಿ, ಹೊಸ ಕೊಳವೆ ಹೂಡಬೇಕಾಯಿತು. ಕೊಳವೆಯ ಕೆಲಸ ಎರಡೇ ದಿನದಲ್ಲಿ ಮುಗಿಯಿತು. ತೋಡಿದ ಕಂದಕ ಉಳಿಯಿತು.

ಗಾರೆ ಕೆಲಸದ ಮುದುಕನೊಬ್ಬನು ಬಂದು ನೋಡಿದನು. “ಗೇಣು ಗೇಣಾಗಿ ಮಣ್ಣು ತುಂಬಬೇಕು. ಪ್ರತಿ ಗೇಣಿಗೂ ನೀರು ಕುಡಿಸಿ, ದಮ್ಮಸ್ಸಿನಿಂದ ಬಡಿದು ಗಟ್ಟಿಮಾಡಿ, ಇಳಿಯುವಷ್ಟು ಇಳಿಯಲು ಬಿಡಬೇಕು. ಹಳೆಯ ನೆಲದ ಅಂಚನ್ನು ಉಳಿಯಿಂದ ಕೆತ್ತಿ ಒರಟುಮಾಡಿದ ಮೇಲೆಯೇ ಗಾರೆ. ಇಪ್ಪತ್ತು ದಿನ ಬೇಕು” ಎಂದನು.

“ಐದನೆಯ ದಿನ ಸಂಬಂಧ ನೋಡಲು ಬೀಗರು ಬರುತ್ತಾರಯ್ಯಾ, ನೆಲಮಾಳಿಗೆಯ ಸರಕನ್ನೂ ನೋಡುತ್ತಾರೆ! ನೀನು ಮಣ್ಣಿಗೆ ನೀರು ಕುಡಿಸುತ್ತ ಜೋಗುಳ ಹಾಡುತ್ತಿದ್ದರೆ, ಅವರನ್ನೇನು ಕಂದಕದಲ್ಲಿ ಕೂರಿಸಲೇ?”

“ಕೂರಿಸಿ ಯಜಮಾನರೇ. ಕಂದಕವೆಂದು ಕಣ್ಣಿಗೆ ಕಂಡರೆ ಯಾರೂ ಬೀಳುವುದಿಲ್ಲ.”

ವರ್ತಕನು ಅವನನ್ನು ಕಳುಹಿಸಿಬಿಟ್ಟನು. ಅಗೆದ ಹೆಂಟೆಗಳನ್ನೂ ಒಡೆದ ಗಾರೆಯ ಚೂರುಗಳನ್ನೂ ಆಳುಗಳು ಒಂದೇ ಮಧ್ಯಾಹ್ನದಲ್ಲಿ ಒಳಗೆ ನೂಕಿದರು. ಮೇಲೆ ಎರಡು ಬೆರಳು ದಪ್ಪದ ಗಾರೆ ಎಳೆದು, ಸುಣ್ಣದ ತಿಳಿ ಬಳಿದು, ನುಣ್ಣನೆಯ ಕಲ್ಲಿನಿಂದ ಉಜ್ಜಿದರು. ಬೀಗರು ಬಂದು ನೋಡಿ ಕನ್ನಡಿಯಂತಿದೆ ಎಂದರು. ಸಂಬಂಧ ಕುದುರಿತು.

ದಿನವೂ ಎಣ್ಣೆ ತರಲು ಇಳಿಯುತ್ತಿದ್ದವಳು ವರ್ತಕನ ಹೆಂಡತಿ. ಒಂದು ದಿನ ಅವಳು, “ಅಲ್ಲಿ ಕಾಲಿಟ್ಟರೆ ನೆಲ ಮದ್ದಳೆಯ ಹಾಗೆ ನುಡಿಯುತ್ತದೆ” ಎಂದಳು.

“ನಿನ್ನ ತವರಿನಲ್ಲಿ ಸಗಣಿ ಸಾರಿಸಿದ ನೆಲ. ಗಾರೆಯ ದನಿ ನಿನಗೇನು ಗೊತ್ತು?” ಎಂದು ಅವನು ನಕ್ಕನು.

ಮಳೆಗಾಲದಲ್ಲಿ ಒಳಗಿನ ಸಡಿಲ ಮಣ್ಣು ನೆನೆದು ಕುಗ್ಗಿತು. ಗಾರೆ ಟೊಳ್ಳಿನ ಮೇಲೆ ಮುಚ್ಚಳದಂತೆ ನಿಂತಿತು. ಹೆಂಡತಿ ಎಣ್ಣೆಯ ಕೊಡ ಹೊತ್ತು ಬರುವಾಗ ಆ ಗಾರೆ ಮುರಿಯಿತು. ಅವಳ ಕಾಲೂ ಮುರಿಯಿತು. ಮೂಳೆ ಸೊಟ್ಟಗೆ ಕೂಡಿಕೊಂಡು ಅವಳು ಕುಂಟಿಯಾದಳು.

ವರ್ತಕನು ಅವಳ ಹಾಸಿಗೆಯ ಬಳಿ ಕುಳಿತು, “ತಪ್ಪಾಯಿತು” ಎಂದು ಅತ್ತನು. ಆ ಅಳು ಸುಳ್ಳಲ್ಲ. ಬಳಿಕ ಗಾರೆಯ ಮುದುಕನನ್ನು ಕರೆಸಿ, ಬಿದ್ದ ಗುಂಡಿಯನ್ನು ಮುಚ್ಚಲು ಹೇಳಿದನು.

ಮುದುಕನು ಕೋಲಿನಿಂದ ನೆಲವನ್ನು ಉದ್ದಕ್ಕೂ ತಟ್ಟಿದನು. “ಗುಂಡಿ ಮೊಳದಷ್ಟು, ಟೊಳ್ಳು ಗೋಡೆಯವರೆಗೆ. ಚೆನ್ನಾಗಿ ಕಾಣುವುದನ್ನೂ ಒಡೆದು, ತಳದಿಂದ ತುಂಬಿಕೊಂಡು ಬರಬೇಕು.”

“ಮತ್ತೆ ಉದ್ದಕ್ಕೂ ಒಡೆದರೆ ಅಂದು ನಾನು ಮಾಡಿದ್ದು ಬೀಗರಿಗೆ ತಿಳಿಯುವುದಿಲ್ಲವೇ? ಬಿದ್ದಷ್ಟನ್ನು ಮುಚ್ಚು, ಸಾಕು.”

ಮುದುಕನು ಹಾರೆಯನ್ನು ಹೆಗಲಿಗೇರಿಸಿ ಹೊರಟುಹೋದನು. ಆಳುಗಳು ಗುಂಡಿಗೆ ತೇಪೆ ಹಾಕಿ, ಮೊದಲಿನಂತೆಯೇ ಉಜ್ಜಿದರು. ನೆಲ ಮತ್ತೆ ಹೊಳೆಯಿತು. ಹೆಂಡತಿ ಮಾತ್ರ ಇಳಿಯಲಿಲ್ಲ. “ನೆಲವನ್ನು ಸರಿಮಾಡಿಸಿದೆ, ತಪ್ಪಾಯಿತೆಂದು ಅತ್ತೆ. ಆದರೂ ಇವಳ ಹಟ ಹೋಗಲಿಲ್ಲ” ಎಂದು ವರ್ತಕನು ಕಂಡಕಂಡವರಲ್ಲಿ ದೂರತೊಡಗಿದನು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು, “ಎಂಥ ಮೂಢ! ಅವಳು ಯಾವ ಧೈರ್ಯದ ಮೇಲೆ ಕಾಲಿಡಬೇಕು?” ಎಂದನು.

“ಸುಳ್ಳನ್ನು ಊರಿಗೆಲ್ಲ ಹೇಳಿದ ನೀನು, ನಿಜವನ್ನು ಹೇಳಲು ಅದು ಮೊದಲೇ ಗೊತ್ತಿದ್ದ ಅಣ್ಣನೊಬ್ಬನನ್ನೇ ಹುಡುಕಿಕೊಂಡು ಹೋದೆಯಲ್ಲ” ಎಂದರು ಗುರುಗಳು.